ಎರಡೂಕಾಲರ ಬಸ್ಸು

(ಪದವಿ ಕಾಲೇಜುಗಳಿಗೆ ಹೊಸದಾಗಿ ಸೇರಿದ ಅಧ್ಯಾಪಕರ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)

ಶಿಬಿರದವರು ನನಗೆ ಕೊಟ್ಟ ವಿಷಯ ಉದ್ದವಾಗಿದೆ: ‘ಪದವಿ ವಿದ್ಯಾರ್ಥಿಗಳಿಗೆ ಶೈಕ್ಷಣಿಕ ಮಾರ್ಗದರ್ಶನ ಮತ್ತು ಬೆಂಬಲ ಸೇವೆಗಳು’. ಇಷ್ಟು ಉದ್ದದ ವಿಷಯ ಸಿಕ್ಕಿದಾಗ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಸುತ್ತೋಲೆಗಳನ್ನು ಒಂದೊಂದಾಗಿ ಓದಿ ಇಳಿದುಬಿಡಬಹುದು. ಯಾರೂ ತಪ್ಪು ತಿಳಿಯುವುದಿಲ್ಲ, ಊಟದ ಹೊತ್ತೂ ಆಗಿರುತ್ತದೆ. ನಾನು ಸುತ್ತೋಲೆಗೆ ಕೈಹಾಕುವುದಿಲ್ಲ. ಮೊದಲು ಒಂದು ಬಸ್ಸಿನ ವಿಷಯ.

2023ರ ಪ್ರವೇಶದ ದಿನಗಳು. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ನಾನು ಪ್ರವೇಶ ಸಮಿತಿಯಲ್ಲಿದ್ದೆ. ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ವರಾಂಡದ ತುಂಬ ಒದ್ದೆ ಛತ್ರಿಗಳು, ಪ್ಲಾಸ್ಟಿಕ್ ಕವರಿನೊಳಗೆ ಅಂಕಪಟ್ಟಿ ಹಿಡಿದುಕೊಂಡ ಮಕ್ಕಳು, ಅವರ ಹಿಂದೆ ಒಬ್ಬೊಬ್ಬ ಅಪ್ಪನೋ ಮಾವನೋ. ಆಗ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ನಡೆಯುತ್ತಿತ್ತು. ಬಿ.ಎ. ಸೇರುವವರು ಎರಡು ಮುಖ್ಯ ವಿಷಯ ಆರಿಸಿ ಅರ್ಜಿಯಲ್ಲಿ ಗುರುತು ಹಾಕಿ ತರಬೇಕು, ನಾನು ನೋಡಿ ಸಹಿ ಮಾಡಬೇಕು. ಆ ಮಧ್ಯಾಹ್ನ ಅರವತ್ತಕ್ಕೂ ಹೆಚ್ಚು ಅರ್ಜಿಗಳಿಗೆ ಸಹಿ ಹಾಕಿದೆ. ನೋಡಿದೆ ಎಂದು ಮಾತ್ರ ಹೇಳಲಾರೆ.

ಆ ಅರವತ್ತರಲ್ಲಿ ಒಬ್ಬ ಹುಡುಗಿ ಇದ್ದಳು. ಪಿಯುಸಿಯಲ್ಲಿ ಅವಳಿಗೆ ಅತಿ ಹೆಚ್ಚು ಅಂಕ ಬಂದದ್ದು ಅರ್ಥಶಾಸ್ತ್ರದಲ್ಲಿ. ಅಂಕಪಟ್ಟಿ ನನ್ನ ಕೈಯಲ್ಲೇ ಇತ್ತು. ಅರ್ಜಿಯಲ್ಲಿ ಅವಳು ಗುರುತು ಹಾಕಿದ್ದು ಕನ್ನಡ ಮತ್ತು ಇತಿಹಾಸಕ್ಕೆ. ಎರಡೂ ಒಳ್ಳೆಯ ವಿಷಯಗಳೇ, ಇತಿಹಾಸವನ್ನು ಪಾಠ ಮಾಡುವವನು ನಾನೇ. ನನ್ನ ತರಗತಿಗೆ ಒಂದು ತಲೆ ಹೆಚ್ಚಾಯಿತೆಂದು ಒಳಗೊಳಗೇ ಸಂತೋಷವಾಗಿರಲಿಕ್ಕೂ ಸಾಕು. ಸಹಿ ಹಾಕಿದೆ.

ಎರಡನೆಯ ವರ್ಷದ ಮಧ್ಯದಲ್ಲಿ ಅವಳು ಬಂದು ಕೇಳಿದಳು: ‘ಸರ್, ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಬಹುದಾ?’ ಪದವಿಯಲ್ಲಿ ಆ ವಿಷಯ ಓದಿರಬೇಕಲ್ಲಮ್ಮ ಎಂದೆ. ಅವಳು ಸುಮ್ಮನಾದಳು. ಯಾಕಮ್ಮ, ಆಗಲೇ ತೆಗೆದುಕೊಳ್ಳಬಹುದಿತ್ತಲ್ಲ ಎಂದಾಗ ಸಂಗತಿ ಹೊರಬಿತ್ತು. ನಮ್ಮಲ್ಲಿ ಅರ್ಥಶಾಸ್ತ್ರಕ್ಕೆ ಖಾಯಂ ಅಧ್ಯಾಪಕರಿರಲಿಲ್ಲ. ಅತಿಥಿ ಉಪನ್ಯಾಸಕರೊಬ್ಬರು ಬೆಳಿಗ್ಗೆ ಇನ್ನೊಂದು ಕಾಲೇಜಿನಲ್ಲಿ ಪಾಠ ಮುಗಿಸಿ ಇಲ್ಲಿಗೆ ಬರುತ್ತಿದ್ದರು. ಹಾಗಾಗಿ ಅದರ ತರಗತಿಗಳೆಲ್ಲ ಮಧ್ಯಾಹ್ನ ಎರಡರ ಮೇಲೆ. ಅವಳ ಊರಿನ ಕಡೆ ಹೋಗುವ ಸರ್ಕಾರಿ ಬಸ್ಸು ಎರಡೂಕಾಲಕ್ಕೆ. ಅದು ತಪ್ಪಿದರೆ ನಾಲ್ಕೂವರೆಗೆ ಖಾಸಗಿ ಬಸ್ಸು. ಅವಳು ಸೇರಿದ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿತ್ತು, ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಖಾಸಗಿ ಬಸ್ಸಿಗೆ ದುಡ್ಡು ಕೊಡಬೇಕು. ಅವಳೂರಿನ ಹಿರಿಯ ವಿದ್ಯಾರ್ಥಿನಿಯೊಬ್ಬಳು ಮೊದಲೇ ಎಚ್ಚರಿಸಿದ್ದಳಂತೆ, ಅರ್ಥಶಾಸ್ತ್ರ ತೆಗೆದುಕೊಂಡರೆ ದಿನಾ ಖಾಸಗಿ ಬಸ್ಸೇ ಗತಿ ಎಂದು.

ಆ ಹುಡುಗಿಯ ವಿಷಯವನ್ನು ಆರಿಸಿದ್ದು ಎರಡೂಕಾಲರ ಬಸ್ಸು. ಕೆಳಗೆ ಸಹಿ ನನ್ನದು.

ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ವೇಳಾಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದೇನೂ ಆಗಿರಲಿಲ್ಲ. ಇಂಥ ಐದಾರು ಮಕ್ಕಳಿದ್ದಾರೆ ಎಂದು ಪ್ರಾಂಶುಪಾಲರಿಗೆ ಹೇಳಿದ್ದರೆ ಕನ್ನಡದ ಒಂದೆರಡು ತರಗತಿಗಳನ್ನು ಹಿಂದೆ ಮುಂದೆ ಮಾಡಿ ಹೇಗೋ ಹೊಂದಿಸಬಹುದಿತ್ತು. ಕೇಳಬೇಕು ಎಂಬುದೇ ನನಗೆ ಹೊಳೆಯಲಿಲ್ಲ. ಅವಳಿಗೂ ಹೇಳಬಹುದು ಎಂದು ಹೊಳೆಯಲಿಲ್ಲ. ಬಸ್ಸಿನ ವಿಷಯವನ್ನೆಲ್ಲ ಮೇಷ್ಟ್ರ ಹತ್ತಿರ ಹೇಳುತ್ತಾರೆಯೇ?

ಇನ್ನು ಸ್ವಲ್ಪ ಇತಿಹಾಸ. ಅಭ್ಯಾಸಬಲ, ಕ್ಷಮಿಸಬೇಕು. ಅಮೆರಿಕದ ಹಾರ್ವರ್ಡ್‌ನಲ್ಲಿ ಚಾರ್ಲ್ಸ್ ಎಲಿಯಟ್ ಎಂಬುವವರು 1869ರಿಂದ ನಲವತ್ತು ವರ್ಷ ಅಧ್ಯಕ್ಷರಾಗಿದ್ದರು. ಎಲ್ಲರೂ ಒಂದೇ ಗ್ರೀಕು, ಒಂದೇ ಲ್ಯಾಟಿನ್ ಓದುವ ಕಟ್ಟನ್ನು ಸಡಿಲಿಸಿ, ವಿದ್ಯಾರ್ಥಿಗಳು ಬೇಕಾದ ವಿಷಯವನ್ನು ತಾವೇ ಆರಿಸಿಕೊಳ್ಳುವ ಪದ್ಧತಿಯನ್ನು ಅವರು ವಿಸ್ತರಿಸಿದರು. ಬಾಗಿಲು ತೆರೆದ ಮೇಲೆ ಹುಡುಗರು ಎಲ್ಲೆಲ್ಲಿಗೋ ನುಗ್ಗಿದರು. ಕೆಲವರು ಬೆಳಗಿನ ತರಗತಿ ಇಲ್ಲದ ವಿಷಯಗಳನ್ನೇ ಹುಡುಕಿದರು ಎಂದು ನಾನು ಊಹಿಸುತ್ತೇನೆ, ಹುಡುಗರು ಎಲ್ಲ ಕಡೆಯೂ ಹುಡುಗರೇ. 1880ರ ದಶಕ ಮುಗಿಯುವ ಹೊತ್ತಿಗೆ ಹೊಸದಾಗಿ ಸೇರುವವರಿಗೆಂದೇ ಸಲಹೆಗಾರ ಅಧ್ಯಾಪಕರ ಒಂದು ಮಂಡಳಿ ಅಲ್ಲಿ ಬಂದಿತ್ತು. ಇಂದು ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡದೆ ಸಲಹೆಯ ಕೆಲಸವನ್ನೇ ಮಾಡುವ ಪೂರ್ಣಾವಧಿ ಸಿಬ್ಬಂದಿ ಇದ್ದಾರೆ. ಕೆಲವು ಕಡೆ ಅವರನ್ನು ಭೇಟಿಯಾಗದೆ ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸಲು ಬಿಡುವುದೇ ಇಲ್ಲ.

ನಮ್ಮಲ್ಲಿ ಏನಾಯಿತು? 2021ರಲ್ಲಿ ದೇಶದಲ್ಲೇ ಮೊದಲು ಎಂದು ಹೇಳಿಕೊಂಡು ಕರ್ನಾಟಕ ಹೊಸ ನೀತಿಯನ್ನು ಜಾರಿಗೆ ತಂದಿತು. ಮುಖ್ಯ ವಿಷಯ, ಮುಕ್ತ ಐಚ್ಛಿಕ ವಿಷಯ, ಕೌಶಲ ವಿಷಯ, ಕ್ರೆಡಿಟ್ಟು, ನಾಲ್ಕನೆಯ ವರ್ಷದ ಆನರ್ಸ್, ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಬಿಟ್ಟರೆ ಡಿಪ್ಲೊಮಾ. ಹದಿನೆಂಟರ ಮಕ್ಕಳ ಮುಂದೆ ಇಷ್ಟೂ ಹರಡಿದೆವು. ಆರಿಸಲು ಜೊತೆಗೆ ಕೂರುವವರನ್ನು ಮಾತ್ರ ನೇಮಿಸಲಿಲ್ಲ. ಕಾಮರ್ಸ್ ವಿದ್ಯಾರ್ಥಿಗಳಿಗೆ ಮುಕ್ತ ಐಚ್ಛಿಕ ವಿಷಯವಾಗಿ ನಮ್ಮ ಕಾಲೇಜಿನಲ್ಲಿ ಇದ್ದದ್ದು ಒಂದೇ, ಯಾಕೆಂದರೆ ಆ ಅವಧಿಯಲ್ಲಿ ಖಾಲಿ ಇದ್ದ ಅಧ್ಯಾಪಕರು ಒಬ್ಬರೇ. ಅದಕ್ಕೂ ‘ಆಯ್ಕೆ’ ಎಂದೇ ಹೆಸರು. ಬಳಿಕ 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳುವ ಆದೇಶ ಹೊರಡಿಸಿತು. ಆ ವರ್ಷ ಒಂದೇ ಕಾಲೇಜಿನ ಮೊದಲ ವರ್ಷದವರು ಒಂದು ನಿಯಮದಲ್ಲಿ, ಎರಡು ಮೂರನೆಯ ವರ್ಷದವರು ಇನ್ನೊಂದು ನಿಯಮದಲ್ಲಿ ಓದಿದರು. ಯಾವ ನೀತಿ ಮೇಲು ಎಂಬ ಜಗಳಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಅಣ್ಣನ ಅನುಭವ ತಮ್ಮನಿಗೆ ಕೆಲಸಕ್ಕೆ ಬಾರದಂತಾಯಿತು ಎನ್ನುವುದಷ್ಟೇ ನನ್ನ ತಕರಾರು. ಮನೆಯಲ್ಲಿ ಓದಿದವರು ಯಾರೂ ಇಲ್ಲದ ಮಕ್ಕಳಿಗೆ ಹಿಂದಿನ ವರ್ಷದವರ ಮಾತೊಂದೇ ಆಧಾರವಾಗಿತ್ತು. ಅದೂ ತಪ್ಪು ದಾರಿ ತೋರಿಸತೊಡಗಿತು.

ಇದಕ್ಕೆಲ್ಲ ಕಾಲೇಜಿನಲ್ಲಿ ವ್ಯವಸ್ಥೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಬೆಂಗಳೂರಿನಲ್ಲೇ ಕಚೇರಿ ಇರುವ, 1994ರಿಂದ ನಡೆಯುತ್ತಿರುವ ನ್ಯಾಕ್ ಸಂಸ್ಥೆ ಕಾಲೇಜುಗಳನ್ನು ಅಳೆಯುತ್ತಾ ಬಂದ ಏಳು ಮಾನದಂಡಗಳಲ್ಲಿ ಐದನೆಯದರ ಹೆಸರೇ ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕವನ್ನೂ ಅವರು ಕೇಳಿದ್ದಾರೆ. ಆದ್ದರಿಂದ ಪ್ರತಿ ಕಾಲೇಜಿನಲ್ಲೂ ಮೆಂಟರ್ ಕಡತ ಇರುತ್ತದೆ. ನೀವು ಹೊಸಬರು, ಆ ಕಡತ ಹುಟ್ಟುವುದನ್ನು ಇನ್ನೂ ನೋಡಿರಲಿಕ್ಕಿಲ್ಲ. ನ್ಯಾಕ್ ತಂಡ ಬರುವುದಕ್ಕೆ ಮೂರು ದಿನ ಮುಂಚೆ ಸ್ಟಾಫ್ ರೂಮಿನಲ್ಲಿ ರಾತ್ರಿ ಎಂಟರವರೆಗೂ ದೀಪ ಉರಿಯುತ್ತದೆ. ಐದು ವರ್ಷದ ಸಮಾಲೋಚನೆಗಳನ್ನು ಒಂದು ರಾತ್ರಿಯಲ್ಲಿ ನಡೆಸಲಾಗುತ್ತದೆ. ನಾನೂ ನಡೆಸಿದ್ದೇನೆ. ‘ಸಮಸ್ಯೆ’ ಎಂಬ ಕಾಲಂನಲ್ಲಿ ‘ಇಂಗ್ಲಿಷಿನಲ್ಲಿ ಹಿಂದುಳಿದಿದ್ದಾನೆ’, ‘ಸಲಹೆ’ ಎಂಬ ಕಾಲಂನಲ್ಲಿ ‘ಹೆಚ್ಚು ಓದಲು ತಿಳಿಸಲಾಯಿತು’. ಒಂದೇ ಶಾಯಿ ಎಂದು ಅನುಮಾನ ಬಾರದಿರಲಿ ಎಂದು ಎರಡು ಮೂರು ಪೆನ್ನು ಬದಲಾಯಿಸುವ ಜಾಣರೂ ನಮ್ಮಲ್ಲಿದ್ದರು. ಸಹಿ ಮಾಡಲು ಬಂದ ಹುಡುಗನೊಬ್ಬ ತನ್ನ ಹಾಳೆ ಓದಿ ಕೇಳಿದ, ‘ಸರ್, ನನಗೆ ಇಷ್ಟು ಸಲ ಬುದ್ಧಿ ಹೇಳಿದ್ದೀರಾ?’ ಅವನಿಗೆ ಅದು ತಮಾಷೆಯಾಗಿ ಕಂಡಿತ್ತು. ಎಲ್ಲರೂ ನಕ್ಕೆವು.

ಹಾಗಾದರೆ ಈ ಮಕ್ಕಳಿಗೆ ನಿಜವಾಗಿ ದಾರಿ ತೋರಿಸುತ್ತಿರುವವರು ಯಾರು? ನಮ್ಮ ಕಾಲೇಜಿನ ಮಟ್ಟಿಗೆ ಹೇಳುವುದಾದರೆ ಮೂರು ಜನ. ಕಚೇರಿಯ ಗುಮಾಸ್ತರು, ಗ್ರಂಥಪಾಲಕರು, ಗೇಟಿನ ಎದುರಿನ ಸೈಬರ್ ಸೆಂಟರಿನವನು. ಪ್ರವೇಶ, ಶುಲ್ಕ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಜಾಲತಾಣಕ್ಕೆ ಹೋದ ಮೇಲೆ, ವಿದ್ಯಾರ್ಥಿಯ ಇಡೀ ಶೈಕ್ಷಣಿಕ ಜಾತಕ ಆ ಸೈಬರ್ ಸೆಂಟರಿನವನ ಕಂಪ್ಯೂಟರಿನಲ್ಲಿದೆ. ಎಷ್ಟೋ ಮಕ್ಕಳ ಪಾಸ್‌ವರ್ಡ್ ಅವನಿಗೇ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಅವನು ಕೆಟ್ಟವನಲ್ಲ. ಸರದಿಯಲ್ಲಿ ಹತ್ತು ಜನ ನಿಂತಿರುವಾಗ ‘ಇದನ್ನು ಯಾಕೆ ಆರಿಸುತ್ತೀಯಪ್ಪ’ ಎಂದು ಕೇಳುವುದು ಅವನ ಕೆಲಸವಲ್ಲ, ಅಷ್ಟೆ.

ಗುಮಾಸ್ತರ ವಿಷಯಕ್ಕೆ ಬಂದರೆ, ನನಗೆ ಬುದ್ಧಿ ಬಂದದ್ದೇ ಅವರಿಂದ. ಒಮ್ಮೆ ಒಬ್ಬ ಹುಡುಗ ಎರಡು ವಾರ ಬರಲಿಲ್ಲ. ಫೋನ್ ಮಾಡಿದರೆ ಅವನ ತಂದೆ, ‘ಕಾಲೇಜು ಬಿಡಿಸಿದೆವು ಮೇಷ್ಟ್ರೇ, ವಿದ್ಯಾರ್ಥಿವೇತನ ಬರಲೇ ಇಲ್ಲ’ ಎಂದರು. ನಾನು ಸರ್ಕಾರವನ್ನು ನಾಲ್ಕು ಮಾತು ಬೈದು ಫೋನ್ ಇಟ್ಟೆ. ಪಕ್ಕದಲ್ಲಿದ್ದ ಗುಮಾಸ್ತರು ಮಾತ್ರ ‘ಆ ಹುಡುಗನ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ, ನೋಡಿದ್ದೀರಾ ಸರ್?’ ಎಂದರು. ವಿದ್ಯಾರ್ಥಿವೇತನದ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಬರಬೇಕೆಂದಿಲ್ಲ, ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಬರುತ್ತದೆ. ಹುಡುಗನನ್ನು ಕರೆಸಿದೆವು. ಯಾವಾಗಲೋ ಸಿಮ್ ಕೊಳ್ಳುವಾಗ ಬೆರಳೊತ್ತಿದ್ದ, ಅದರ ಜೊತೆಗೇ ಒಂದು ಖಾತೆಯೂ ತೆರೆದುಕೊಂಡಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ. ಹಣ ಬಂದು ತಿಂಗಳುಗಳಾಗಿದ್ದವು. ಆ ಹುಡುಗ ಮೊಬೈಲಿನ ಪರದೆಯನ್ನು ನೋಡಿದ, ಗುಮಾಸ್ತರನ್ನು ನೋಡಿದ, ಆಮೇಲೆ ಅಪ್ಪನಿಗೆ ಫೋನ್ ಮಾಡಲು ಹೊರಗೆ ಹೋದ. ವಾಪಸ್ಸು ಬಂದದ್ದು ಮುಖ ತೊಳೆದುಕೊಂಡು.

ನಾನು ಎಂ.ಎ., ಪಿಎಚ್.ಡಿ. ಇಪ್ಪತ್ತು ವರ್ಷ ಪಾಠ ಮಾಡಿದವನು. ನನಗೆ ಇದು ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರಿನಲ್ಲಿ ಮುಂದೆ ಇದ್ದರೆ ಅರ್ಜಿ ನಿಂತುಹೋಗಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ವಿದ್ಯಾರ್ಥಿವೇತನದ ಎಸ್ಎಸ್‌ಪಿ ಜಾಲತಾಣ ಕೇಳುತ್ತದೆ. ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಮತ್ತೆ ನಾಡಕಚೇರಿಗೆ ಅಲೆಯಬೇಕು, ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳ ನೆರವಿದೆ. ಇವೆಲ್ಲ ಗುಮಾಸ್ತಿಕೆ, ನಮ್ಮ ಘನತೆಗೆ ತಕ್ಕುದಲ್ಲ ಎಂದು ನಾವು ದೂರ ಇಟ್ಟಿದ್ದೆವು. ಪಾಠ ಕೇಳಲು ಹುಡುಗ ಬೆಂಚಿನ ಮೇಲೆ ಇರಬೇಕಾದರೆ ಮೊದಲು ಇದೇ ಬಗೆಹರಿಯಬೇಕು. ಮೊನ್ನೆ ಹೇಳಿದೆನಲ್ಲ ಆ ಅರ್ಥಶಾಸ್ತ್ರದ ಹುಡುಗಿ, ಅವಳಿಗೂ ದಾರಿ ಹೇಳಿದ್ದು ನಾನಲ್ಲ. ‘ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಯಾವ ಪದವಿ ಮಾಡಿದವರೂ ಅರ್ಥಶಾಸ್ತ್ರ ಎಂ.ಎ.ಗೆ ಸೇರಬಹುದಲ್ಲ ಸರ್’ ಎಂದು ಗ್ರಂಥಪಾಲಕರು ಪುಸ್ತಕಕ್ಕೆ ಮುದ್ರೆ ಒತ್ತುತ್ತಲೇ ಹೇಳಿದರು. ಮೊನ್ನೆ ಎಂದೆನೇ? ಈಗಷ್ಟೇ ಹೇಳಿದ್ದು. ಆ ಹುಡುಗಿಯ ವಿಷಯ ನನಗೆ ಯಾವಾಗಲೂ ಮೊನ್ನೆ ನಡೆದಂತೆಯೇ ಇರುತ್ತದೆ.

ಇನ್ನು ಹಾಜರಿ. ಶೇಕಡಾ 75 ಇರಬೇಕು ಎಂಬ ನಿಯಮ ನಿಮಗೆಲ್ಲ ಬಾಯಿಪಾಠ. ಸೆಮಿಸ್ಟರಿನ ಕೊನೆಗೆ ಪಟ್ಟಿ ಅಂಟಿಸುತ್ತೇವೆ, ಪೋಷಕರು ಬಂದು ಕೈಮುಗಿಯುತ್ತಾರೆ, ನಾವು ಮುಖ ಗಂಟು ಹಾಕಿಕೊಂಡು ಕೊನೆಗೆ ಬಿಡುತ್ತೇವೆ. ಹಾಜರಿ ಪುಸ್ತಕವನ್ನು ಮೂರನೆಯ ವಾರದಲ್ಲೇ ಓದಬೇಕು. ನವೆಂಬರ್, ಡಿಸೆಂಬರ್ ತಿಂಗಳಲ್ಲಿ ನಮ್ಮ ಕಡೆ ಒಂಬತ್ತೂವರೆಯ ತರಗತಿಯಲ್ಲಿ ಹಿಂದಿನ ಬೆಂಚಿನವರು ತೂಕಡಿಸುತ್ತಾರೆ. ಮೊಬೈಲು ನೋಡಿ ನಿದ್ದೆಗೆಟ್ಟಿದ್ದಾರೆ ಎಂದು ಪಟ್ಟಣದಿಂದ ಬಂದ ನಮ್ಮ ಸಹೋದ್ಯೋಗಿಯೊಬ್ಬರು ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದರು. ಅವನು ಕೈಕಟ್ಟಿ ನಿಂತಾಗ ನಾನು ಕಿಟಕಿಯಿಂದ ನೋಡಿದೆ. ಹತ್ತೂ ಬೆರಳು ಕಪ್ಪು. ಅಡಿಕೆ ಸುಗ್ಗಿ. ರಾತ್ರಿ ಊಟ ಮುಗಿಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತರೆ ಹನ್ನೆರಡೋ ಒಂದೋ, ಸುಲಿದಷ್ಟಕ್ಕೆ ಕೂಲಿ. ಆ ಕರೆ ವಾರಗಟ್ಟಲೆ ಹೋಗುವುದಿಲ್ಲ, ಎಷ್ಟು ಸೋಪು ಹಚ್ಚಿದರೂ. ಪರೀಕ್ಷಾ ಶುಲ್ಕವನ್ನು ಅವನು ಆ ಕೈಯಿಂದಲೇ ಸಂಪಾದಿಸುತ್ತಿದ್ದ.

ಅವನಿಗೆ ಬೇಕಿದ್ದದ್ದು ಸ್ಫೂರ್ತಿಯ ಭಾಷಣವೇ? ಸುಗ್ಗಿ ಮುಗಿಯುವವರೆಗೆ ಆಂತರಿಕ ಪರೀಕ್ಷೆ ಒಂದು ವಾರ ತಡವಾದರೆ, ತಪ್ಪಿದ ಪಾಠದ ಟಿಪ್ಪಣಿ ಸಿಕ್ಕರೆ ಸಾಕಿತ್ತು. ಆ ಸಹೋದ್ಯೋಗಿಗೆ ವಿಷಯ ಹೇಳಿದೆ. ಮರುದಿನವೇ ಅವರು ಮಾಡಿದ ಕೆಲಸ ನನಗಿಂತ ಒಂದು ಕೈ ಮೇಲು: ಮಧ್ಯಾಹ್ನ ಊಟದ ಬಿಡುವಿನಲ್ಲಿ ಅರ್ಧ ಗಂಟೆ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು, ಸುಗ್ಗಿಗೆ ಹೋಗುವವರು ಬಂದು ಹಿಂದಿನ ದಿನದ ಪಾಠ ಕೇಳಬಹುದು ಎಂದರು. ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ಇಬ್ಬರು ಬಂದು ಬಾಗಿಲ ಹೊರಗೇ ನಿಂತರು. ಒಳಗೆ ಬರಲು ಸಂಕೋಚ. ನಮ್ಮ ಸಹೋದ್ಯೋಗಿ ಕುರ್ಚಿಯನ್ನೇ ವರಾಂಡಕ್ಕೆ ಎಳೆದುಕೊಂಡು ಹೋಗಿ ಕೂತರು.

ಮನಸ್ಸಿನ ಆರೋಗ್ಯದ ವಿಷಯದಲ್ಲಿ ಇಷ್ಟು ನಿರಾಳವಾಗಿ ಮಾತನಾಡಲಾರೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ಹೊಂದಿರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಾಲ್ಲೂಕಿನ ಕಾಲೇಜಿಗೆ ಅಂಥವರು ಎಂದು ಬರುತ್ತಾರೋ, ಬರುವವರೆಗೆ ಆ ಕುರ್ಚಿಯಲ್ಲಿ ಕೂರುವವರು ನೀವೇ. ಒಂದು ಎಚ್ಚರಿಕೆ ಹೇಳುತ್ತೇನೆ. ‘ನನ್ನ ಕಾಲದಲ್ಲಿ ನಾವೆಷ್ಟು ಕಷ್ಟಪಟ್ಟೆವು ಗೊತ್ತಾ’ ಎಂದು ಶುರುಮಾಡಬೇಡಿ. ನಾನು ಹಾಗೆ ಶುರುಮಾಡಿದ ಒಂದು ದಿನ ಎದುರಿಗಿದ್ದವಳು ಎದ್ದು ‘ಥ್ಯಾಂಕ್ಸ್ ಸರ್’ ಎಂದು ಹೋದಳು, ಮತ್ತೆ ಬರಲಿಲ್ಲ. ನಿಮ್ಮ ಕೈಮೀರಿದ್ದು ಎನಿಸಿದಾಗ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಿಂದೆ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತನಾಡಬಹುದು. ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಅದರ ಮುಂದೆ ನಿಂತು ಬರೆದುಕೊಳ್ಳುವ ಧೈರ್ಯ ಯಾರಿಗಿದೆ? ಗುರುತಿನ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿ. ರಕ್ತದ ಗುಂಪಿನ ಕೆಳಗೆ ಜಾಗ ಇರುತ್ತದೆ.

ನಮ್ಮ ಕಾಲೇಜಿನ ಮೆಂಟರ್ ನಮೂನೆಯನ್ನು ಈಗ ಸ್ವಲ್ಪ ಬದಲಾಯಿಸಿದ್ದೇವೆ. ‘ಹವ್ಯಾಸಗಳು’, ‘ಜೀವನದ ಗುರಿ’ ಎಂಬ ಎರಡು ಕಾಲಂ ತೆಗೆದುಹಾಕಿದೆವು. ಎಲ್ಲರೂ ಮೊದಲನೆಯದಕ್ಕೆ ಕ್ರಿಕೆಟ್, ಎರಡನೆಯದಕ್ಕೆ ಐಎಎಸ್ ಎಂದೇ ಬರೆಯುತ್ತಿದ್ದರು. ಅದರ ಬದಲು ಮೂರು ಪ್ರಶ್ನೆ. ನಿಮ್ಮೂರಿಗೆ ಬಸ್ಸು ಎಷ್ಟು ಗಂಟೆಗೆ? ವಿದ್ಯಾರ್ಥಿವೇತನ ಯಾವ ಖಾತೆಗೆ ಬರುತ್ತದೆ? ಮನೆಯಲ್ಲಿ ನಿಮಗಿಂತ ಮೊದಲು ಕಾಲೇಜಿಗೆ ಹೋದವರು ಯಾರು? ಮೂರನೆಯದಕ್ಕೆ ಹೆಚ್ಚಿನವರು ಗೆರೆ ಎಳೆದಿದ್ದರು. ಆ ಗೆರೆ ಎಳೆದವರ ಹಾಳೆಗಳನ್ನು ಬೇರೆ ತೆಗೆದಿಟ್ಟು ಮೊದಲು ಅವರನ್ನು ಕರೆದು ಮಾತನಾಡಿಸುತ್ತೇವೆ. ಕಷ್ಟವಿದ್ದರೆ ಬಂದು ಹೇಳಿ ಎಂದರೆ ಅವರು ಬರುವುದಿಲ್ಲ. ಯಾವುದು ಹೇಳಬಹುದಾದ ಕಷ್ಟ, ಯಾವುದು ನುಂಗಿಕೊಳ್ಳಬೇಕಾದದ್ದು ಎಂದೇ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಯುವತಿ ಎದ್ದು ನಿಂತರು. ಅತಿಥಿ ಉಪನ್ಯಾಸಕಿ. ‘ಸರ್, ನನಗೆ ಮೂವತ್ತೆರಡು ಮಕ್ಕಳನ್ನು ಕೊಟ್ಟಿದ್ದಾರೆ. ಎಲ್ಲರ ಮನೆಯ ವಿಷಯವೂ ಗೊತ್ತು. ಮುಂದಿನ ವರ್ಷ ನೇಮಕದ ಕೌನ್ಸೆಲಿಂಗಿನಲ್ಲಿ ನನಗೆ ಯಾವ ಕಾಲೇಜು ಸಿಗುತ್ತದೋ, ಸಿಗುತ್ತದೋ ಇಲ್ಲವೋ. ಆಗ ಈ ಮಕ್ಕಳು ಯಾರಿಗೆ?’ ಎಂದು ಕೇಳಿದರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಇವರಂಥ ಸಾವಿರಾರು ಜನರಿಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, ಮಕ್ಕಳ ವಿವರವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಗುಮಾಸ್ತರ ಕೈಗೆ ಕೊಟ್ಟು ಹೋಗಿ ಎಂದೆ. ‘ಎಲ್ಲವನ್ನೂ ಬರೆಯಲಿಕ್ಕಾಗುವುದಿಲ್ಲ ಸರ್, ಕೆಲವನ್ನು ಅವರು ನನಗೆ ಮಾತ್ರ ಹೇಳಿದ್ದಾರೆ’ ಎಂದು ಅವರು ಕೂತರು.